ಆರು ಸಾವಿರ ಮೀಟರಿನ ‘ಸುಲಭ’ ಶಿಖರ: ವೈನಾ ಪೊತೊಸಿಗೆ ಮೂರು ದಿನ ಸಾಕೇ?

ಪ್ರಶ್ನೆ: ನನಗೆ 34 ವರ್ಷ. ಕುಮಾರಪರ್ವತಕ್ಕೆ ಹಲವು ಸಲ ಹೋಗಿದ್ದೇನೆ, ಹಿಮಾಲಯದಲ್ಲಿ ಕೇದಾರಕಂಠ ಮುಗಿಸಿದ್ದೇನೆ. ಲಡಾಖಿನ ಸ್ತೋಕ್ ಕಾಂಗ್ರಿ ಹತ್ತಬೇಕೆಂದಿದ್ದೆ, 2020ರಲ್ಲಿ ಅದನ್ನು ಮುಚ್ಚಿಬಿಟ್ಟರು. ಈಗ ಕೆಲಸದ ಮೇಲೆ ದಕ್ಷಿಣ ಅಮೆರಿಕಕ್ಕೆ ಹೋಗುವವನಿದ್ದೇನೆ, ಕೊನೆಗೆ ಎರಡು ವಾರ ರಜೆ ಇದೆ. ಬೊಲಿವಿಯಾದ ವೈನಾ ಪೊತೊಸಿ (6,088 ಮೀ.) ‘ಜಗತ್ತಿನ ಅತಿ ಸುಲಭದ ಆರು ಸಾವಿರ’ ಎನ್ನುತ್ತಾರೆ. ಲಾ ಪಾಸ್‌ನಿಂದ ಮೂರು ದಿನದ ಪ್ಯಾಕೇಜ್ ಇದೆ, ಅನುಭವ ಬೇಡ ಎಂದು ಬರೆದಿದ್ದಾರೆ. ನಂಬಬಹುದೇ? ತಯಾರಿ ಹೇಗಿರಬೇಕು? ನಾನು ಸಸ್ಯಾಹಾರಿ, ಅದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಹತ್ತಬಹುದು. ಆದರೆ ಆ ಮೂರು ದಿನದ ಹಿಂದೆ ಎಂಟು ಹತ್ತು ದಿನ ಸೇರಿಸಿಕೊಂಡರೆ ಮಾತ್ರ. ನಿಮ್ಮ ಎರಡು ವಾರ ಅದಕ್ಕೆ ಸರಿಯಾಗಿ ಸಾಕು. ಅದರಲ್ಲಿ ಹತ್ತು ದಿನ ಮಾಚು ಪಿಚ್ಚುಗೋ ಉಪ್ಪಿನ ಬಯಲಿಗೋ ಕೊಟ್ಟು, ಉಳಿದ ನಾಲ್ಕು ದಿನದಲ್ಲಿ ಶಿಖರ ಮುಗಿಸುತ್ತೇನೆ ಎಂದರೆ ಆ ಹಣವನ್ನು ಉಳಿಸಿಕೊಳ್ಳುವುದೇ ಮೇಲು.

‘ಸುಲಭ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಪರ್ವತಾರೋಹಣದ ಫ್ರೆಂಚ್ ಶ್ರೇಣಿಯಲ್ಲಿ ಇಲ್ಲಿನ ಸಾಮಾನ್ಯ ದಾರಿ ‘ಪಿ.ಡಿ.’, ಅಂದರೆ ಕೆಳಗಿನಿಂದ ಎರಡನೆಯ ಮೆಟ್ಟಿಲು. ಲಾ ಪಾಸ್‌ನಿಂದ ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಬೆಟ್ಟ, ಸೋಂಗೊ ಕಣಿವೆಯ ಜಲವಿದ್ಯುತ್ ಯೋಜನೆಗೆಂದು ಮಾಡಿದ ರಸ್ತೆ ಬುಡದವರೆಗೂ ಹೋಗುತ್ತದೆ. ವಾರಗಟ್ಟಲೆ ನಡಿಗೆ ಇಲ್ಲ, ಹೇಸರಗತ್ತೆ ಇಲ್ಲ, ದೊಡ್ಡ ಶಿಬಿರವಿಲ್ಲ. ಸುಲಭವಾಗಿರುವುದು ದಾರಿ. ಗಾಳಿ ಮಾತ್ರ ಬೇರೆ ಯಾವುದೇ ಆರು ಸಾವಿರದ ಶಿಖರದಲ್ಲಿ ಇರುವಷ್ಟೇ ತೆಳು. ತುದಿಯಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ರಸ್ತೆ ಇಷ್ಟು ಮೇಲಕ್ಕೆ ಒಯ್ಯುವುದರಿಂದಲೇ ಈ ಬೆಟ್ಟದಲ್ಲಿ ಜನ ಕಾಯಿಲೆ ಬೀಳುವುದು: ಕಾಲು ನಡೆದಿದ್ದರೆ ದೇಹಕ್ಕೆ ಸಿಗುತ್ತಿದ್ದ ದಿನಗಳನ್ನು ಜೀಪು ತಿಂದುಹಾಕುತ್ತದೆ.

ಪ್ಯಾಕೇಜಿನ ಲೆಕ್ಕವನ್ನೇ ನೋಡಿ. ಲಾ ಪಾಸ್ ಇರುವುದು ಸುಮಾರು 3,640 ಮೀ. ಎತ್ತರದಲ್ಲಿ. ಮೊದಲ ರಾತ್ರಿ ಸೋಂಗೊ ಘಟ್ಟದ ಬಳಿಯ ತಂಗುಮನೆ, ಸುಮಾರು 4,750 ಮೀ. ಎರಡನೆಯ ರಾತ್ರಿ ಮೇಲಿನ ಶಿಬಿರ, ಸುಮಾರು 5,130 ಮೀ. ಅದೇ ಮಧ್ಯರಾತ್ರಿ ಎದ್ದು 6,088ಕ್ಕೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಂದು ವಿರಾಮ ಇರಬೇಕು ಎನ್ನುವುದು ಪರ್ವತ ವೈದ್ಯರು ಒಪ್ಪಿರುವ ಸೂತ್ರ. ಈ ಪ್ಯಾಕೇಜು ಮೊದಲ ರಾತ್ರಿಯೇ ಸಾವಿರ ಮೀಟರಿಗೂ ಹೆಚ್ಚು ಜಿಗಿಯುತ್ತದೆ. ನಿಮ್ಮ ಕೇದಾರಕಂಠದ ತುದಿ ಸುಮಾರು 3,800 ಮೀ., ಅಂದರೆ ನೀವು ವಿಮಾನದಿಂದ ಇಳಿಯುವ ಎಲ್ ಆಲ್ತೊ ನಿಲ್ದಾಣಕ್ಕಿಂತ (4,061 ಮೀ.) ತಗ್ಗು. ಅಲ್ಲಿ ಚೆನ್ನಾಗಿದ್ದಿರಿ ಎಂಬುದರಿಂದ ಇಲ್ಲಿ ಹೇಗಿರುತ್ತೀರಿ ಎಂದು ಹೇಳಲಾಗದು.

ಹಾಗಾಗಿ ನನ್ನ ಸಲಹೆ, ಸಾಧ್ಯವಾದರೆ ಮೊದಲು ಸುಕ್ರೆಗೆ ಹೋಗಿ. ಅದು ಸುಮಾರು 2,800 ಮೀ., ಸುಣ್ಣ ಬಳಿದ ಹಳೆಯ ಊರು, ಎರಡು ರಾತ್ರಿ ಕಳೆಯಲು ಬೇಸರವಿಲ್ಲ. ಅಲ್ಲಿಂದ ಲಾ ಪಾಸ್‌ಗೆ ಬಂದು ಎರಡು ರಾತ್ರಿ. ನೇರವಾಗಿ ಲಾ ಪಾಸ್‌ಗೇ ಬರುವುದಾದರೆ ಎಲ್ ಆಲ್ತೊದಲ್ಲಿ ಕೋಣೆ ಹಿಡಿಯಬೇಡಿ. ನಗರದ ದಕ್ಷಿಣದ ಬಡಾವಣೆಗಳು ಕಣಿವೆಯಲ್ಲಿ ಕೆಳಗಿವೆ, ಮೊದಲ ರಾತ್ರಿ ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಮೂರನೆಯ ಹಂತ ತಿತಿಕಾಕಾ ಸರೋವರ (3,812 ಮೀ.). ಅಲ್ಲಿನ ಸೂರ್ಯದ್ವೀಪದ ಏರುದಾರಿಗಳಲ್ಲಿ ದಿನವಿಡೀ ನಡೆದು, ಒಂದು ರಾತ್ರಿ ಉಳಿಯಿರಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೊಂದೊರಿರಿ ಬೆಟ್ಟಸಾಲಿನ ಕೆಳಗಿನ ಚಿಯಾರ್ ಖೋತಾ ಕೆರೆಯ ಬಳಿ ಎರಡು ರಾತ್ರಿ ಡೇರೆ ಹಾಕಿ, ನಡುವಿನ ದಿನ ಪಿಕೊ ಆಸ್ಟ್ರಿಯಾ ಹತ್ತಿ ಇಳಿಯುವುದು. ಕೆರೆ 4,600 ಮೀಟರಿಗೂ ಮೇಲಿದೆ, ಶಿಖರ 5,300 ಮೀಟರಿಗೂ ಮೇಲೆ, ಹಗ್ಗ, ಕ್ರಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಲೋಹದ ಹಲ್ಲುಗಳು) ಯಾವುದೂ ಬೇಡ, ಬರಿಯ ಕಲ್ಲುಪುಡಿಯ ಏರು. ಅಲ್ಲಿ ತಲೆನೋವಿಲ್ಲದೆ ಊಟ ಸೇರಿ ನಿದ್ದೆ ಬಂದರೆ ವೈನಾ ಪೊತೊಸಿಯ ಬಾಗಿಲು ಮುಕ್ಕಾಲು ತೆರೆದ ಹಾಗೆ. ಬಂದು ಲಾ ಪಾಸ್‌ನಲ್ಲಿ ಒಂದು ಪೂರ್ತಿ ದಿನ ಮಲಗಿ, ಆಮೇಲೆ ನಿಮ್ಮ ಮೂರು ದಿನ.

ಕೊಂದೊರಿರಿಗೆ ಬದಲಾಗಿ ಚಕಲ್ತಾಯಾಕ್ಕೆ (5,421 ಮೀ.) ಕಾರಿನಲ್ಲಿ ಹೋಗಿಬರಿ ಎಂದು ಹೇಳುವವರು ಬಹಳ. ನೋಡಲು ಹೋಗಿ, ತಪ್ಪಿಲ್ಲ. 1947ರಲ್ಲಿ ಬ್ರೆಜಿಲಿನ ಭೌತವಿಜ್ಞಾನಿ ಸೆಸಾರ್ ಲಾತೆಸ್ ಅಲ್ಲಿ ಇಟ್ಟು ತಂದ ಫೋಟೊ ತಟ್ಟೆಗಳಲ್ಲಿ ಪಯಾನ್ ಎಂಬ ಪರಮಾಣುವಿಗಿಂತ ಚಿಕ್ಕ ಕಣದ ಗುರುತುಗಳು ಸಿಕ್ಕಿದ್ದವು, ವಿಶ್ವಕಿರಣ ಪ್ರಯೋಗಾಲಯ ಈಗಲೂ ಇದೆ. ಅಲ್ಲಿ ಒಂದು ಹಿಮನದಿ ಇತ್ತು, ಅದರ ಮೇಲೆ ಸ್ಕೀ ಆಡುತ್ತಿದ್ದರು. 2009ಕ್ಕೆ ಅದು ಪೂರ್ತಿ ಕರಗಿಹೋಯಿತು. ಆದರೆ ಕಾರಿನಲ್ಲಿ ಏರಿ ಎರಡು ಗಂಟೆ ನಿಂತು ಬರುವುದರಿಂದ ದೇಹ ಒಗ್ಗುವುದಿಲ್ಲ. ಒಗ್ಗುವುದು ರಾತ್ರಿಗಳನ್ನು ಕಳೆದಾಗ.

ದೇಹಬಲದ ಬಗ್ಗೆ. ಕುಕ್ಕೆಯ ಕಡೆಯಿಂದ ಕುಮಾರಪರ್ವತ 1,500 ಮೀಟರಿಗೂ ಹೆಚ್ಚಿನ ಏರು, ಅದಕ್ಕಿಂತ ಒಳ್ಳೆಯ ಕಸರತ್ತಿನ ಜಾಗ ನಿಮಗೆ ಹತ್ತಿರದಲ್ಲಿ ಸಿಗದು. ಬೆನ್ನಿಗೆ 10 ಕೆ.ಜಿ. ಹೊತ್ತು, ಗಂಟೆಗೆ ಸುಮಾರು 300 ಮೀ. ಏರುತ್ತ, ಮಾತಾಡಿಕೊಂಡು ಹೋಗುವಷ್ಟು ಉಸಿರು ಉಳಿಸಿಕೊಂಡು ನಾಲ್ಕೈದು ಗಂಟೆ ನಡೆಯುವಂತಾಗಬೇಕು. ಬೆಟ್ಟವಿಲ್ಲದ ವಾರ ಮೆಟ್ಟಿಲು: ಒಂದು ಮಹಡಿ ಮೂರು ಮೀಟರ್ ಎಂದರೆ ನೂರು ಮಹಡಿಗೆ 300 ಮೀ. ಮೂರು ನಾಲ್ಕು ತಿಂಗಳು ಬೇಕು. ಇಳಿಯುವುದನ್ನೂ ಅಷ್ಟೇ ಅಭ್ಯಾಸ ಮಾಡಿ, ಏಕೆಂದರೆ ಶಿಖರದ ದಿನ 950 ಮೀ. ಏರಿದ ಕಾಲು ಅಂದೇ 1,300 ಮೀಟರಿಗೂ ಹೆಚ್ಚು ಇಳಿಯಬೇಕು. ಇಷ್ಟಾಗಿಯೂ ಕಸರತ್ತು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ಗಟ್ಟಿಮುಟ್ಟಾದವರೇ ಮೊದಲ ದಿನ ಜೋರಾಗಿ ನಡೆದು ಎರಡನೆಯ ರಾತ್ರಿ ವಾಂತಿ ಮಾಡಿಕೊಳ್ಳುವುದು ಹೆಚ್ಚು.

ಈಗ ಆ ಮೂರು ದಿನ ನಡೆಯುವುದೇನು ಎಂದು ನೋಡೋಣ. ಮೊದಲ ದಿನ ಎಲ್ ಆಲ್ತೊ ದಾಟಿ ಒಂದೂವರೆ ಎರಡು ಗಂಟೆ ಪ್ರಯಾಣ. ದಾರಿಯಲ್ಲಿ ಮಿಲ್ಯೂನಿ ಎಂಬ ಪಾಳು ತವರದ ಗಣಿಯೂ ಗಣಿಗಾರರ ಸಮಾಧಿಗಳೂ ಸಿಗುತ್ತವೆ. ಅಲ್ಲಿನ ಕೆರೆಯ ನೀರು ಕೆಂಪಗಿರುವುದು ಗಣಿಯಿಂದ ಬಸಿಯುವ ಆಮ್ಲದಿಂದ. ಫೋಟೊ ತೆಗೆಯಿರಿ, ಬಾಟಲಿ ತುಂಬಿಸಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಹೋಗುವುದಿಲ್ಲ. ಮಧ್ಯಾಹ್ನ ಹಳೆಯ ಹಿಮನದಿಯ ಅಂಚಿನಲ್ಲಿ ಕ್ರಾಂಪಾನ್ ಪಾಠ. ನಿಮಗೆ ಹಿಮನದಿಯ ಅನುಭವ ಇಲ್ಲದ್ದರಿಂದ ಈ ಮೂರು ಗಂಟೆ ಪ್ಯಾಕೇಜಿನಲ್ಲೇ ಅತ್ಯಂತ ಬೆಲೆಯುಳ್ಳ ಭಾಗ. ಹೇಗೋ ಮುಗಿದರೆ ಸಾಕೆಂದು ಕೂರಬೇಡಿ. ಕಲಿಯಬೇಕಾದ್ದು ನಾಲ್ಕು: ಇಳಿಜಾರಿನಲ್ಲಿ ಎಲ್ಲ ಹಲ್ಲೂ ಕಚ್ಚುವಂತೆ ಪಾದ ಚಪ್ಪಟೆಯಾಗಿ ಇಡುವುದು, ಕಡಿದಾದಲ್ಲಿ ಮುಂದಿನ ಹಲ್ಲುಗಳಿಂದ ಒದ್ದು ನಿಲ್ಲುವುದು, ಬಿದ್ದರೆ ಐಸ್ ಆಕ್ಸ್‌ನಿಂದ (ಹಿಮಗೊಡಲಿ) ತಡೆದುಕೊಳ್ಳುವುದು, ಇಳಿಯುವಾಗ ಮಂಡಿ ಸಡಿಲಿಸಿ ಭಾರ ಮುಂದಕ್ಕೆ ಹಾಕುವುದು. ಹೊಸಬರು ಬೀಳುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ, ಒಂದು ಕಾಲಿನ ಕ್ರಾಂಪಾನ್ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಳ್ಳುತ್ತದೆ. ಕಾಲುಗಳ ನಡುವೆ ಒಂದು ಗೇಣು ಅಂತರ ಬಿಟ್ಟು ನಡೆಯುವುದನ್ನು ಅಂದೇ ರೂಢಿಸಿಕೊಳ್ಳಿ. ಪ್ಯಾಂಟು ಅಗಲವಿದ್ದರೆ ಮೇಲೆ ಗೇಟರ್ (ಮೊಣಕಾಲಿನ ಕೆಳಗೆ ಸುತ್ತುವ ಕವಚ) ಬಿಗಿಯಿರಿ.

ಎರಡನೆಯ ದಿನ ನಿಮ್ಮ ಸಾಮಾನು ನೀವೇ ಹೊತ್ತು ಎರಡು ಮೂರು ಗಂಟೆ ಬಂಡೆಗಳ ಏರು. ಮೇಲಿನ ಶಿಬಿರಕ್ಕೆ ಮಧ್ಯಾಹ್ನವೇ ತಲುಪಿ, ಸಂಜೆ ಆರಕ್ಕೆ ಮಲಗುವುದು. ನಿದ್ದೆ ಬರದಿದ್ದರೆ ಗಾಬರಿ ಬೇಡ, ಆ ಎತ್ತರದಲ್ಲಿ ಎಲ್ಲರದೂ ಅದೇ ಪಾಡು. ನಿದ್ದೆ ಮಾತ್ರೆಯನ್ನೂ ಮದ್ಯವನ್ನೂ ಮುಟ್ಟಬೇಡಿ, ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ.

ಹನ್ನೆರಡಕ್ಕೆ ಎದ್ದು ಒಂದಕ್ಕೆ ಹೊರಡುತ್ತಾರೆ. ಹಿಮನದಿಗೆ ಕಾಲಿಟ್ಟ ಕೂಡಲೇ ಹಗ್ಗ. ಇಳಿಜಾರು ಮೊದಲು ಸೌಮ್ಯ, ಆಮೇಲೆ ‘ಪಾಲಾ ಚಿಕಾ’ ಎನ್ನುವ ಮೊದಲ ಕಡಿದು ಗೋಡೆ. ಎತ್ತರ ಹೆಚ್ಚಿಲ್ಲ, ಆದರೆ ಸುಮಾರು 45 ಡಿಗ್ರಿ ಓರೆ, ಕತ್ತಲು, ಮೇಲೆ ಕೆಳಗೆ ಬೇರೆ ಗುಂಪುಗಳ ದೀಪ. ಅದರಾಚೆ ದೀರ್ಘವಾದ ಹಿಮದ ಬಯಲು, ಬಿರುಕುಗಳನ್ನು ಬಳಸಿಕೊಂಡು ಹೋಗುವ ದಾರಿ. ಕೊನೆಯ ಇನ್ನೂರು ಮೀಟರ್ ಮತ್ತೆ ಕಡಿದು, ತುದಿಯ ಹತ್ತಿರ ಏಣು ಒಂದೆರಡು ಹೆಜ್ಜೆಯಷ್ಟು ಕಿರಿದಾಗುತ್ತದೆ, ಪಡುವಣ ಬದಿಗೆ ಸಾವಿರ ಮೀಟರಿನ ಪ್ರಪಾತ. ಈ ಕೊನೆಯ ಭಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಹಿಂದಿನ ಸಾಲಿನವರ ವಿಡಿಯೊ ನೋಡಿ ದಾರಿ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ.

ಏರಲು ಐದರಿಂದ ಏಳು ಗಂಟೆ. ಗಂಟೆಗೆ 150 ಮೀಟರಿನ ಆಸುಪಾಸು ಎಂದರೆ ನಾಚಿಕೆ ಪಡುವಷ್ಟು ನಿಧಾನ, ಆದರೆ ಅದೇ ಸರಿಯಾದ ವೇಗ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ. ಅಷ್ಟರೊಳಗೆ ಕೊನೆಯ ಕಡಿದು ಏರಿನ ಬುಡ ಮುಟ್ಟಿರದಿದ್ದರೆ ತಿರುಗಿಬಿಡಿ. ಬಿಸಿಲು ಬಿದ್ದ ಮೇಲೆ ಹಿಮ ಮೆತ್ತಗಾಗಿ ಕ್ರಾಂಪಾನ್ ಅಡಿಯಲ್ಲಿ ಉಂಡೆ ಕಟ್ಟುತ್ತದೆ, ಹಲ್ಲು ನೆಲಕ್ಕೆ ತಾಗುವುದೇ ಇಲ್ಲ. ಬಿರುಕುಗಳ ಮೇಲಿನ ಹಿಮದ ಸೇತುವೆಗಳೂ ಸಡಿಲವಾಗುತ್ತವೆ. ಈ ಸಮಯದ ಗಡಿಯನ್ನು ಗೈಡ್ ಜೊತೆ ಹಿಂದಿನ ಸಂಜೆಯೇ ಮಾತಾಡಿಕೊಳ್ಳಿ. 5,900 ಮೀಟರಿನಲ್ಲಿ ತುದಿ ಕಣ್ಣೆದುರು ಇರುವಾಗ ಹೊಸದಾಗಿ ಯೋಚಿಸಿ ಸರಿಯಾಗಿ ತೀರ್ಮಾನಿಸುವವರು ಕಡಿಮೆ.

ಏಜೆನ್ಸಿಯನ್ನು ಆರಿಸುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಒಬ್ಬ ಗೈಡ್‌ಗೆ ಎಷ್ಟು ಜನ? ಇಬ್ಬರಿಗಿಂತ ಹೆಚ್ಚು ಒಪ್ಪಿಕೊಳ್ಳಲೇಬಾರದು. ಇಬ್ಬರಿದ್ದಾಗಲೂ ಒಂದು ತೊಡಕು ಯಾರೂ ಮೊದಲೇ ಹೇಳುವುದಿಲ್ಲ. ಮೂವರೂ ಒಂದೇ ಹಗ್ಗದಲ್ಲಿ ಇರುವುದರಿಂದ ಒಬ್ಬರಿಗೆ ಆಗದಿದ್ದರೆ ಮೂವರೂ ಇಳಿಯಬೇಕು. ಅಪರಿಚಿತರ ಜೊತೆ ಕಟ್ಟಿಸಿಕೊಂಡರೆ ಅವರ ಹೊಟ್ಟೆ, ಅವರ ಬೂಟು, ಅವರ ತಯಾರಿಯ ಮೇಲೂ ನಿಮ್ಮ ಶಿಖರ ನಿಂತಿದೆ. ಹಣ ಇದ್ದರೆ ನಿಮಗೊಬ್ಬರಿಗೇ ಒಬ್ಬ ಗೈಡ್ ಇರಲಿ, ಉಳಿತಾಯವನ್ನು ಬೇರೆ ಯಾವುದರಲ್ಲಾದರೂ ಮಾಡಿ. ಬೊಲಿವಿಯಾದ ಪರ್ವತ ಗೈಡ್‌ಗಳ ಸಂಘ ಎ.ಜಿ.ಎಂ.ಟಿ.ಬಿ., ಅದು ಗೈಡ್‌ಗಳ ಅಂತಾರಾಷ್ಟ್ರೀಯ ಒಕ್ಕೂಟದ ಸದಸ್ಯ. ಅದರ ಗುರುತುಚೀಟಿ ತೋರಿಸಿ ಎಂದು ಕೇಳುವುದು ಅಲ್ಲಿ ಅಸಭ್ಯವಲ್ಲ. ‘ಗೈಡ್ ಇರುತ್ತಾರೆ’ ಎನ್ನುವುದು ಬೇರೆ, ‘ಪ್ರಮಾಣಿತ ಗೈಡ್ ಇರುತ್ತಾರೆ’ ಎನ್ನುವುದು ಬೇರೆ. ಜೊತೆಗೆ, ರಾತ್ರಿ ಯಾರಿಗಾದರೂ ಕಾಯಿಲೆಯಾದರೆ ಕೆಳಗೆ ವಾಹನ ಸಿಗುತ್ತದೆಯೇ ಎಂದು ಕೇಳಿ. ಹೆಲಿಕಾಪ್ಟರ್ ಬಂದೇ ಬರುತ್ತದೆ ಎಂದು ನಂಬಿ ಹೋಗುವ ಜಾಗವಲ್ಲ ಅದು.

ಬಾಡಿಗೆ ಸಾಮಾನನ್ನು ಹೊರಡುವ ಬೆಳಗ್ಗೆಯಲ್ಲ, ಹಿಂದಿನ ದಿನವೇ ಹೋಗಿ ಹಾಕಿ ನೋಡಿ. ಎರಡು ಪದರದ ಬೂಟಿಗೆ ದಪ್ಪ ಕಾಲುಚೀಲ ಹಾಕಿ, ಗೋಡೆಗೆ ಮೆಲ್ಲಗೆ ಒದೆಯಿರಿ. ಬೆರಳು ಮುಂದಕ್ಕೆ ತಾಗಿದರೆ ಒಂದು ಅಳತೆ ದೊಡ್ಡದು ಬೇಕು. ಬಿಗಿ ಬೂಟಿನಲ್ಲಿ ರಕ್ತ ಓಡದೆ ಬೆರಳು ಮರಗಟ್ಟುತ್ತದೆ, ಎರಡು ಜೊತೆ ಕಾಲುಚೀಲ ತುರುಕಿಕೊಂಡರಂತೂ ಇನ್ನೂ ಬೇಗ. ಕ್ರಾಂಪಾನನ್ನು ಪಟ್ಟಿ ಕಟ್ಟದೆ ಬೂಟಿಗೆ ಸಿಕ್ಕಿಸಿ ಎತ್ತಿ ಅಲ್ಲಾಡಿಸಿದರೆ ಬೀಳಬಾರದು. ಹಾರ್ನೆಸ್ (ಹಗ್ಗ ಸಿಕ್ಕಿಸುವ ಸೊಂಟಪಟ್ಟಿ), ಹೆಲ್ಮೆಟ್, ಐಸ್ ಆಕ್ಸ್ ಬಾಡಿಗೆಯವೇ ಸಾಕು. ಆದರೆ ಕೈಗವಸು (ಒಳಗೊಂದು ತೆಳು, ಹೊರಗೊಂದು ದಪ್ಪ), ನಾಲ್ಕನೇ ವರ್ಗದ (ಅತಿ ಗಾಢ ಗಾಜಿನ) ಕಪ್ಪು ಕನ್ನಡಕ, ತಲೆದೀಪ, ಒಳಉಡುಪು ನಿಮ್ಮವೇ ಇರಲಿ. ನಸುಕಿಗೆ ಉಷ್ಣಾಂಶ ಸೊನ್ನೆಗಿಂತ 10–15 ಡಿಗ್ರಿ ಕೆಳಗೆ, ಗಾಳಿ ಬೀಸಿದರೆ ಇನ್ನೂ ಕಟುವಾಗಿರುತ್ತದೆ. ಹಳೆಯ ಬ್ಯಾಟರಿ ಆ ಚಳಿಗೆ ಕೈಕೊಡುತ್ತದೆ. ನೀರಿನ ಚೀಲದ ನಳಿಕೆ ಹೊರಟ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು, ಅಗಲ ಬಾಯಿಯ ಬಾಟಲಿಯನ್ನು ಕಾಲುಚೀಲದೊಳಗೆ ತಲೆಕೆಳಗಾಗಿ ಇಡಿ. ಇದು 16 ಡಿಗ್ರಿ ದಕ್ಷಿಣ ಅಕ್ಷಾಂಶ, ಉಷ್ಣವಲಯದ ಬಿಸಿಲು ಹಿಮದಿಂದ ಮೇಲಕ್ಕೂ ಚಿಮ್ಮುತ್ತದೆ; ಸನ್‌ಸ್ಕ್ರೀನನ್ನು ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ.

ಕಾಯಿಲೆಯ ಲಕ್ಷಣ ಗೊತ್ತಿರಲಿ. ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು ಬಂದರೆ ಅದು ಎತ್ತರದ ಕಾಯಿಲೆಯೇ ಎಂದುಕೊಂಡು ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕುಡಿದವರಂತೆ ಓಲಾಡುವುದು, ಹಿಮ್ಮಡಿಗೆ ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆಯಲಾಗದಿರುವುದು ಮೆದುಳಿಗೆ ನೀರು ತುಂಬುತ್ತಿರುವ ಸೂಚನೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಯಾಗುವುದು ಶ್ವಾಸಕೋಶದ್ದು. ಈ ಎರಡರಲ್ಲಿ ಯಾವುದಾದರೂ ಬೆಳಗಾಗಲಿ ಎಂದು ಕಾಯದೆ ಇಳಿಸಬೇಕು. ರಸ್ತೆ ಹತ್ತಿರ ಇರುವುದು ಈಗ ಉಪಕಾರಕ್ಕೆ ಬರುತ್ತದೆ.

ಅಸೆಟಝೋಲಮೈಡ್ (ಡಯಾಮಾಕ್ಸ್) ತಡೆಯಲು ನೆರವಾಗುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ, ಸೋಡಾ ರುಚಿ ಕೆಡುತ್ತದೆ. ಸಲ್ಫಾ ಔಷಧ ಒಗ್ಗದವರು ಮೊದಲೇ ವೈದ್ಯರನ್ನು ಕೇಳಬೇಕು, ಉಳಿದವರೂ ಊರಲ್ಲಿ ಒಂದೆರಡು ದಿನ ತೆಗೆದುಕೊಂಡು ನೋಡುವುದು ಒಳ್ಳೆಯದು. ಮಾತ್ರೆ ನುಂಗಿದ್ದೇವೆ ಎಂದು ರಾತ್ರಿಗಳ ಲೆಕ್ಕ ಕಡಿಮೆ ಮಾಡುವಂತಿಲ್ಲ.

ಯಾವ ತಿಂಗಳು? ಮೇನಿಂದ ಸೆಪ್ಟೆಂಬರ್ ಒಣಕಾಲ. ನನ್ನ ಆಯ್ಕೆ ಜೂನ್, ಮಳೆಗಾಲದ ಹಿಮ ಇನ್ನೂ ಉಳಿದಿದ್ದು ಬಿರುಕುಗಳು ಮುಚ್ಚಿರುತ್ತವೆ, ಕಾಲಿಗೆ ಹಿಡಿತವಿರುತ್ತದೆ. ಆಗಸ್ಟ್ ದಾಟಿದರೆ ಗಟ್ಟಿ ಮಂಜುಗಡ್ಡೆ, ಬಿಸಿಲು ಕೊರೆದ ಈಟಿಯಂಥ ಹಿಮಗೂಟಗಳು. ಇಲ್ಲಿನ ಹಿಮನದಿಯ ನಡವಳಿಕೆ ಹಿಮಾಲಯದ ಪಶ್ಚಿಮ ಭಾಗದವಕ್ಕಿಂತ ಬೇರೆ. ಮಳೆಗಾಲವೂ ಬೇಸಿಗೆಯೂ ಒಟ್ಟಿಗೇ ಬರುವುದರಿಂದ ಹಿಮ ಬೀಳುವುದೂ ಕರಗುವುದೂ ಒಂದೇ ಋತುವಿನಲ್ಲಿ. ಮಳೆ ತಡವಾದ ವರ್ಷ ಹೊಸ ಬಿಳಿ ಹೊದಿಕೆ ಇಲ್ಲದೆ ಹಳೆಯ ಕಪ್ಪು ಮಂಜು ಬಿಸಿಲನ್ನು ಹೀರಿ ವಿಪರೀತ ಕರಗುತ್ತದೆ. ಈ ಬೆಟ್ಟದ ಸೋಂಗೊ ಹಿಮನದಿಯನ್ನು 1991ರಿಂದ ಅಳೆಯುತ್ತಿದ್ದಾರೆ, ಅದು ಹಿಂದೆ ಸರಿಯುತ್ತಲೇ ಇದೆ. ಮಳೆ ಕೈಕೊಟ್ಟ 2016ರ ನವೆಂಬರಿನಲ್ಲಿ ಲಾ ಪಾಸ್‌ನ ಹಲವು ಬಡಾವಣೆಗಳಿಗೆ ನೀರೇ ಬರಲಿಲ್ಲ.

ಊಟದ ವಿಷಯ. ಸಸ್ಯಾಹಾರ ಅಡ್ಡಿಯಲ್ಲ, ಆದರೆ ‘ತರಕಾರಿ ಸೂಪು’ ಎಂದರೂ ಅದರ ರಸ ಮಾಂಸದ್ದಾಗಿರುವುದುಂಟು. ‘ಸಿನ್ ಕಾರ್ನೆ, ಸಿನ್ ಪೊಯ್ಯೊ’ (ಮಾಂಸ ಬೇಡ, ಕೋಳಿ ಬೇಡ) ಎರಡನ್ನೂ ಹೇಳಬೇಕು, ಕಾಯ್ದಿರಿಸುವಾಗಲೇ ಬರೆದು ಕೊಡಬೇಕು. ಕಿನ್ವಾ, ಆಲೂಗಡ್ಡೆ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ ತುಳಿದು ಒಣಗಿಸಿದ ಆಲೂಗಡ್ಡೆಯಾದ ಚುನ್ಯೊ ಧಾರಾಳ. ಮೇಲಿನ ಶಿಬಿರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವ ಆಸೆ ಇಟ್ಟುಕೊಳ್ಳಬೇಡಿ. ಬಿಸಿನೀರಿಗೇ ಅರಳುವ ತೆಳು ಅವಲಕ್ಕಿ, ಶೇಂಗಾ ಚಿಕ್ಕಿ ಅಲ್ಲಿ ನಿಜಕ್ಕೂ ಉಪಯೋಗ. ಊರಿಂದ ಒಯ್ಯುವುದು ಅಂಗಡಿಯ ಮುಚ್ಚಿದ ಪ್ಯಾಕೆಟ್ ಇರಲಿ, ಬಿಡಿ ಕಾಳು, ಹಣ್ಣು ಬೇಡ, ಕಸ್ಟಮ್ಸ್‌ನಲ್ಲಿ ತಡೆಯಬಹುದು. ಚಿಕ್ಕಿಯನ್ನು ಮೊದಲೇ ತುಂಡು ಮಾಡಿ ಒಳಜೇಬಿನಲ್ಲಿಡಿ, ಚಳಿಗೆ ಅದು ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತದೆ. ದಿನಕ್ಕೆ ಮೂರು ಲೀಟರ್ ದ್ರವ, ಹಸಿವಿಲ್ಲದಿದ್ದರೂ ಗಂಟೆಗೊಮ್ಮೆ ಎರಡು ತುತ್ತು.

ನಿಮ್ಮ ಗೈಡ್ ಇಲ್ಲಿನ ಮೂಲನಿವಾಸಿಗಳಾದ ಐಮಾರಾ ಜನರಾಗಿರುವ ಸಂಭವ ಹೆಚ್ಚು. 1919ರಲ್ಲಿ ರುಡಾಲ್ಫ್ ಡೀನ್ಸ್ಟ್ ಮತ್ತು ಅಡಾಲ್ಫ್ ಶುಲ್ಟ್ಸೆ ಎಂಬ ಜರ್ಮನರು ಮೊದಲು ಹತ್ತಿದರೆಂದು ದಾಖಲೆ. ಸ್ಥಳೀಯರಿಗೆ ಬೆಟ್ಟ ಅದಕ್ಕೂ ಮೊದಲಿನಿಂದ ಅಚಾಚಿಲಾ, ಊರು ಕಾಯುವ ಪೂರ್ವಜ. ಐಮಾರಾದಲ್ಲೂ ಕೆಚುವಾದಲ್ಲೂ ‘ವೈನಾ’ ಎಂದರೆ ಯುವಕ. ಕಾಕಾ ಆಕಾ ಎಂಬ ಹಳೆಯ ಹೆಸರೂ ಇದೆ. ಹೊರಡುವ ಮುನ್ನ ಕೋಕಾ ಎಲೆ ಇಟ್ಟು, ಒಂದಿಷ್ಟು ಮದ್ಯ ನೆಲಕ್ಕೆ ಎರೆಯುವ ಚಲ್ಲಾ ನಡೆಯಬಹುದು. ಕ್ಯಾಮರಾ ಒಳಗಿಟ್ಟು ಸುಮ್ಮನೆ ನಿಲ್ಲಿ. ಅದೇ ಶಿಬಿರಗಳಲ್ಲಿ ಅಡುಗೆ ಮಾಡುತ್ತಿದ್ದ, ಹೊರೆ ಹೊರುತ್ತಿದ್ದ ಐಮಾರಾ ಹೆಂಗಸರು 2015ರ ಡಿಸೆಂಬರಿನಲ್ಲಿ ತಮ್ಮ ನೆರಿಗೆ ಲಂಗದಲ್ಲೇ ಈ ಶಿಖರ ಏರಿದರು. 2019ರಲ್ಲಿ ಅವರಲ್ಲಿ ಕೆಲವರು ದಕ್ಷಿಣ ಅಮೆರಿಕದ ಅತಿ ಎತ್ತರದ ಶಿಖರ ಅಕೊಂಕಾಗುವಾದ ತುದಿಯನ್ನೂ ಮುಟ್ಟಿದರು.

ಕಾಗದಪತ್ರದಲ್ಲಿ ಎರಡು ವಿಷಯ ತಪ್ಪಬಾರದು. ವಿಮೆ: ಮಾಮೂಲಿ ಪ್ರವಾಸ ಪಾಲಿಸಿಗಳಲ್ಲಿ ಹಗ್ಗ ಬಳಸುವ ಏರಾಟವನ್ನೂ ಒಂದು ಎತ್ತರಕ್ಕಿಂತ ಮೇಲಿನದನ್ನೂ ಹೊರಗಿಡುವುದು ಸಾಮಾನ್ಯ. 6,100 ಮೀ. ಸೇರಿದೆ ಎಂದು ಲಿಖಿತವಾಗಿ ಪಡೆಯಿರಿ. ಇನ್ನೊಂದು ಹಳದಿ ಜ್ವರದ ಲಸಿಕೆ. ಬೊಲಿವಿಯಾ ಆ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪತ್ರ ಊರ್ಜಿತವಾಗುವುದು ಚುಚ್ಚುಮದ್ದು ಹಾಕಿಸಿದ ಹತ್ತು ದಿನದ ನಂತರ, ಅದೂ ಸರ್ಕಾರ ಮಾನ್ಯ ಮಾಡಿದ ಕೇಂದ್ರದ್ದಾದರೆ ಮಾತ್ರ.

ಕೋಕಾ ಚಹಾ ಲಾ ಪಾಸ್‌ನ ಪ್ರತಿ ಹೋಟೆಲಿನಲ್ಲೂ ಸಿಗುತ್ತದೆ, ಕುಡಿದರೆ ಹಿತವೆನಿಸುತ್ತದೆ, ಆದರೆ ಅದು ಡಯಾಮಾಕ್ಸ್‌ಗೆ ಬದಲಲ್ಲ. ಕುಡಿದ ಮೇಲೆ ಕೆಲವು ದಿನ ಮೂತ್ರಪರೀಕ್ಷೆಯಲ್ಲಿ ಕೊಕೇನ್ ಎಂದು ತೋರಬಹುದು, ನಿಮ್ಮ ಕಂಪನಿ ಅಂಥ ಪರೀಕ್ಷೆ ಮಾಡಿಸುವುದಿದ್ದರೆ ಮುಟ್ಟಬೇಡಿ. ಚಹಾ ಪೊಟ್ಟಣವನ್ನಾಗಲಿ ಎಲೆಯನ್ನಾಗಲಿ ನೆನಪಿಗೆಂದು ಬ್ಯಾಗಿನಲ್ಲಿ ತರಬೇಡಿ. ಅಲ್ಲಿ ಅದು ಸಂತೆಯ ಸಾಮಾನು, ಇಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ.